ಉಪ್ಪಿನ ಮೆರುಗಿನ ಸಕೆ ಬಟ್ಟಲು: ನೋಡುವುದು, ಆರಿಸುವುದು, ಬಳಸುವುದು ಹೇಗೆ?

ಜಪಾನಿನ ಒಬ್ಬ ಒಳ್ಳೆಯ ಕುಂಬಾರರ ದೊಡ್ಡ ಹೂಜಿ ಕೊಳ್ಳಬೇಕಾದರೆ ತುಂಬಾ ದುಡ್ಡು ಬೇಕು. ಅವರದೇ ಕೈಯ ಸಕೆ ಬಟ್ಟಲು ಸಾಮಾನ್ಯ ಸಂಬಳದವರಿಗೂ ಎಟುಕುತ್ತದೆ. ಅದೇ ಮಣ್ಣು, ಅದೇ ಗೂಡು, ಅದೇ ಬೆಂಕಿ. ಗಾತ್ರ ಮಾತ್ರ ಅಂಗೈಯಷ್ಟು. ಸಕೆ ಅಂದರೆ ಅಕ್ಕಿಯನ್ನು ಹುದುಗಿಸಿ ಮಾಡುವ ಜಪಾನಿನ ಮದ್ಯ. ಅದನ್ನು ಕುಡಿಯುವ ಈ ಬಟ್ಟಲುಗಳನ್ನು ಪ್ರೀತಿಯಿಂದ ಕೂಡಿಡುವವರು ಅಲ್ಲಿ ಬಹಳ ಜನ ಇದ್ದಾರೆ.

ಈ ಬರಹ ಒಂದೇ ಬಗೆಯ ಬಟ್ಟಲಿನ ಬಗ್ಗೆ. ಉಪ್ಪಿನ ಆವಿಯಿಂದ ಮೆರುಗು ಬಂದಿರುವ ಬಟ್ಟಲು. ಕೆಲಸಕ್ಕೋ ಓದಿಗೋ ಜಪಾನಿನಲ್ಲಿರುವ ಕನ್ನಡಿಗರಿಗೆ, ಪ್ರವಾಸ ಹೊರಟವರಿಗೆ, ಇಲ್ಲಿಂದಲೇ ಆನ್‌ಲೈನ್‌ನಲ್ಲಿ ತರಿಸೋಣ ಎಂದುಕೊಂಡವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ನಾನು ಒತ್ತಿ ಹೇಳುವ ಮಾತು ಒಂದೇ. ಈ ಬಟ್ಟಲನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಆಮೇಲೆ ಬೋರಲು ಹಾಕಿ ನೋಡದೆ ಕೊಳ್ಳಬೇಡಿ. ಯಾಕೆ ಎಂಬುದು ಗೂಡಿನೊಳಗೆ ಏನು ನಡೆಯುತ್ತದೆ ಎಂದು ಗೊತ್ತಾದರೆ ತಿಳಿಯುತ್ತದೆ.

ಮೊದಲು ಗೂಡನ್ನು ಅರಿತುಕೊಳ್ಳಿ

ಮಾಮೂಲಿ ಗ್ಲೇಜ್, ಅಂದರೆ ಮಣ್ಣಿನ ಪಾತ್ರೆಯ ಗಾಜಿನಂಥ ಮೆರುಗು, ಹಾಕುವುದು ಹೀಗೆ. ಗಾಜಾಗುವ ಪುಡಿಗಳನ್ನು ನೀರಿನಲ್ಲಿ ಕಲಸುತ್ತಾರೆ. ಪಾತ್ರೆಯನ್ನು ಅದರಲ್ಲಿ ಅದ್ದುತ್ತಾರೆ, ಇಲ್ಲವೇ ಮೇಲೆ ಸುರಿಯುತ್ತಾರೆ. ಆಮೇಲೆ ಸುಡುತ್ತಾರೆ. ಉಪ್ಪಿನ ಮೆರುಗಿಗೆ ಅದ್ದುವ ಕೆಲಸವೇ ಇಲ್ಲ. ಬಟ್ಟಲಿನ ಹೊರಮೈ ಗ್ಲೇಜ್ ಇಲ್ಲದೆಯೇ ಗೂಡಿಗೆ ಹೋಗುತ್ತದೆ. ಶಾಖ 1200 ಡಿಗ್ರಿ ಸೆಲ್ಸಿಯಸ್ ದಾಟಿ, ಮಣ್ಣು ಒಳಗೊಳಗೇ ಬೆಸೆದು ಗಟ್ಟಿಯಾಗುವ ಹೊತ್ತಿಗೆ ಗೂಡಿನ ಕಿಂಡಿಯಿಂದ ಉಪ್ಪು ಹಾಕುತ್ತಾರೆ. ಅಡುಗೆಗೆ ಬಳಸುವಂಥ ಉಪ್ಪೇ. ಅದನ್ನು ತುಸು ಒದ್ದೆ ಮಾಡಿ, ಕಾಗದದ ಪೊಟ್ಟಣ ಕಟ್ಟಿ ಎಸೆಯುವವರಿದ್ದಾರೆ. ಉದ್ದನೆಯ ಕಬ್ಬಿಣದ ಪಟ್ಟಿಯ ಮೇಲಿಟ್ಟು ಬೆಂಕಿಗೆ ಸುರಿಯುವವರೂ ಇದ್ದಾರೆ.

ಉಪ್ಪು 801 ಡಿಗ್ರಿಗೇ ಕರಗುತ್ತದೆ. ಅದಕ್ಕಿಂತ ಎಷ್ಟೋ ಬಿಸಿಯಾದ ಗೂಡಿನಲ್ಲಿ ಚಟಪಟ ಸಿಡಿದು ಆವಿಯಾಗಿ ಹರಡುತ್ತದೆ. ನೀರಿನ ಆವಿಯೂ ಸೇರಿದಾಗ ಉಪ್ಪು ಒಡೆಯುತ್ತದೆ. ಅದರಲ್ಲಿನ ಸೋಡಿಯಂ ಮಣ್ಣಿನ ಸಿಲಿಕಾ ಮತ್ತು ಅಲ್ಯುಮಿನಾ ಜೊತೆ ಬೆರೆತು ಬಟ್ಟಲಿನ ಮೈಮೇಲೆ ಗಾಜಿನ ತೆಳ್ಳನೆಯ ಪದರ ಕಟ್ಟುತ್ತದೆ. ಅಂದರೆ ಮೆರುಗಿನ ಒಂದು ಪಾಲು ಉಪ್ಪಿನಿಂದ ಬಂದರೆ ಉಳಿದ ಪಾಲು ಬಟ್ಟಲಿನ ಮಣ್ಣಿನಿಂದಲೇ ಬರುತ್ತದೆ. ಕ್ಲೋರಿನ್ ಮಾತ್ರ ಹೈಡ್ರೋಜನ್ ಜೊತೆ ಸೇರಿ, ಆಮ್ಲದ ಗಾಳಿಯಾಗಿ ಚಿಮಣಿಯಿಂದ ಹೊರಬೀಳುತ್ತದೆ. ಅದನ್ನು ಉಸಿರಾಡಬಾರದು. ಹಾಗಾಗಿ ಒತ್ತೊತ್ತಾಗಿ ಮನೆಗಳಿರುವ ಕಡೆ ಉಪ್ಪಿನ ಗೂಡು ಇಟ್ಟುಕೊಳ್ಳುವುದು ಕಷ್ಟ.

ಉಪ್ಪು ಸಾಕಾಯಿತೇ ಎಂದು ತಿಳಿಯಲು ಒಂದು ಉಪಾಯವಿದೆ. ಮಣ್ಣಿನ ಸಣ್ಣ ಉಂಗುರಗಳನ್ನು ಕಿಂಡಿಯ ಹತ್ತಿರ ಇಟ್ಟಿರುತ್ತಾರೆ. ಉಪ್ಪು ಹಾಕುತ್ತಾ ಹಾಕುತ್ತಾ ಒಂದೊಂದನ್ನೇ ಕಬ್ಬಿಣದ ಸರಳಿನಿಂದ ಹೊರಗೆಳೆದು, ತಣ್ಣಗಾದ ಮೇಲೆ ಎಷ್ಟು ಪದರ ಕಟ್ಟಿದೆ ಎಂದು ನೋಡುತ್ತಾರೆ. ಕಡಿಮೆ ಅನ್ನಿಸಿದರೆ ಇನ್ನಷ್ಟು ಉಪ್ಪು. ಈ ಲೆಕ್ಕಾಚಾರ ಪುಸ್ತಕ ಓದಿ ಬರುವಂಥದ್ದಲ್ಲ.

ಆವಿಗೆ ಬಟ್ಟಲು ಯಾವುದು, ಗೋಡೆ ಯಾವುದು ಎಂಬ ಭೇದವಿಲ್ಲ. ಗೂಡಿನ ಇಟ್ಟಿಗೆಯಲ್ಲೂ ಸಿಲಿಕಾ ಇರುತ್ತದಲ್ವಾ? ಹಾಗಾಗಿ ಗೋಡೆಗೂ ಮೆರುಗು ಬರುತ್ತದೆ, ಪಾತ್ರೆ ಇಡುವ ಹಲಗೆಗೂ ಬರುತ್ತದೆ. ಪ್ರತಿ ಸಲ ಸುಟ್ಟಾಗಲೂ ಇಟ್ಟಿಗೆ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಒಮ್ಮೆ ಉಪ್ಪು ಕಂಡ ಗೂಡನ್ನು ಬೇರೆ ಕೆಲಸಕ್ಕೆ ಬಳಸುವುದು ಕಷ್ಟ. ಗೋಡೆಯಲ್ಲಿ ಉಳಿದ ಸೋಡಿಯಂ ಮುಂದಿನ ಸಲವೂ ಹೊರಬರುತ್ತದೆ. ಇಷ್ಟೆಲ್ಲ ತಾಪತ್ರಯ ಇರುವುದರಿಂದಲೇ ಈ ಕೆಲಸಕ್ಕೆ ಕೈಹಾಕುವ ಕುಂಬಾರರು ಕಡಿಮೆ.

ಇನ್ನು ಮುಖ್ಯ ವಿಷಯ. ಆವಿ ಬೆಂಕಿಯ ಜೊತೆ ಹರಿಯುತ್ತದೆ. ಬೆಂಕಿಗೆ ಮುಖ ಮಾಡಿದ ಬದಿಗೆ ಜಾಸ್ತಿ ಮೆರುಗು. ಪಕ್ಕದ ಪಾತ್ರೆಯ ಮರೆಗೆ ಸಿಕ್ಕ ಬದಿಗೆ ಕಡಿಮೆ. ಒಂದೇ ಬಟ್ಟಲಿನ ಒಂದು ಕಡೆ ಹೊಳೆಯುವ ಬೂದು, ಇನ್ನೊಂದು ಕಡೆ ಒಣ ಒಣ ಕೇಸರಿ ಇರಬಹುದು. ಅಂಗಡಿಯವರು ಚೆಂದದ ಮುಖವನ್ನೇ ಮುಂದೆ ಮಾಡಿ ಇಟ್ಟಿರುತ್ತಾರೆ. ಅದು ತಪ್ಪೇನೂ ಅಲ್ಲ. ಆದರೆ ಆ ಬಟ್ಟಲು ಹೇಗಿದೆ ಎಂಬುದು ಹಿಂದಿನ ಮುಖವನ್ನೂ ನೋಡಿದ ಮೇಲೆಯೇ ಗೊತ್ತಾಗುವುದು.

ಜಪಾನಿಗೆ ಇದು ಬಂದ ದಾರಿ

ಉಪ್ಪಿನ ಮೆರುಗು ಜಪಾನಿನಲ್ಲಿ ಹುಟ್ಟಿದ್ದಲ್ಲ. ಅದರ ತವರು ಜರ್ಮನಿಯ ರೈನ್ ನದಿಯ ಸೀಮೆ. ಬಿಯರ್ ಮಗ್ಗು, ಗಡ್ಡದ ಮುಖವಿರುವ ಹೂಜಿ, ಬೂದು ಮೈಗೆ ನೀಲಿ ಚಿತ್ತಾರದ ವೆಸ್ಟರ್‌ವಾಲ್ಡ್ ಜಾಡಿಗಳು ಅಲ್ಲಿಂದ ಯುರೋಪಿನ ತುಂಬ ಹೋದವು. ಜಪಾನಿನಲ್ಲಿ ಇದು ಮೊದಲು ಕಲೆಯಾಗಿ ಬಳಕೆಗೆ ಬರಲಿಲ್ಲ. ಐಚಿ ಪ್ರಾಂತ್ಯದ ತೊಕೊನಮೆ ಊರಿನಲ್ಲಿ ಚರಂಡಿಯ ಕೊಳವೆಗಳಿಗೆ ಉಪ್ಪಿನ ಮೆರುಗು ಕೊಡುತ್ತಿದ್ದರು. ಆ ಊರಿನಲ್ಲಿ ಹಳೆಯ ಕೊಳವೆಗಳನ್ನೇ ಗೋಡೆಗೆ ಜೋಡಿಸಿರುವ ಒಂದು ಓಣಿಯನ್ನು ಇವತ್ತಿಗೂ ನೋಡಬಹುದು. ನಮ್ಮ ಊರುಗಳ ಹಳೆಯ ಒಳಚರಂಡಿಗೆ ಹಾಕಿದ ಕಂದು ಹೊಳಪಿನ ಸ್ಟೋನ್‌ವೇರ್ (ಹೆಚ್ಚು ಶಾಖದಲ್ಲಿ ಗಟ್ಟಿಯಾಗಿ ಸುಟ್ಟ ಮಣ್ಣು) ಪೈಪುಗಳೂ ಇದೇ ಕುಲದವು. ಮೆರುಗಿನ ಸ್ಟೋನ್‌ವೇರ್ ಪೈಪಿಗೆ ಭಾರತದ ಮಾನಕ ಸಂಸ್ಥೆಯ ಬೇರೆ ನಿಯಮಾವಳಿಯೇ ಇದೆ. ಆಮ್ಲಕ್ಕೂ ಕೊಳಕಿಗೂ ಜಗ್ಗದ ಮೈ ಅದು.

ಇದನ್ನು ಕಲೆಯ ಕುಂಬಾರಿಕೆಗೆ ತಂದವರಲ್ಲಿ ದೊಡ್ಡ ಹೆಸರು ಶೋಜಿ ಹಮಾದಾ (1894–1978). ತೋಚಿಗಿ ಪ್ರಾಂತ್ಯದ ಮಾಶಿಕೊ ಹಳ್ಳಿಯಲ್ಲಿ ನೆಲೆಸಿ, ದಿನಬಳಕೆಯ ಪಾತ್ರೆಯ ಚೆಲುವನ್ನು ಎತ್ತಿಹಿಡಿದ ಮಿಂಗೇ ಚಳವಳಿಯಲ್ಲಿ ಸೊಎತ್ಸು ಯಾನಗಿ, ಕಂಜಿರೊ ಕವಾಯಿ ಅವರ ಜೊತೆ ದುಡಿದವರು. 1952ರಲ್ಲಿ ಇಂಗ್ಲೆಂಡಿನ ಡಾರ್ಟಿಂಗ್ಟನ್‌ನಲ್ಲಿ ನಡೆದ ಕುಂಬಾರರ, ನೇಕಾರರ ಸಮಾವೇಶಕ್ಕೆಂದು ಅವರು ಪಶ್ಚಿಮಕ್ಕೆ ಹೋದರು. ಆ ದಶಕದಲ್ಲೇ ಮಾಶಿಕೊದಲ್ಲಿ ಉಪ್ಪಿನ ಗೂಡು ಹೂಡಿದರು. 1955ರಲ್ಲಿ ಜಪಾನ್ ಸರ್ಕಾರ ಅವರನ್ನು ಜೀವಂತ ರಾಷ್ಟ್ರೀಯ ನಿಧಿ ಎಂದು ಗೌರವಿಸಿತು. 1929ರಲ್ಲಿ ಹುಟ್ಟಿದ ಮಗ ಶಿನ್ಸಾಕು ಹಮಾದಾ ಉಪ್ಪಿನ ಕೆಲಸಕ್ಕೇ ಹೆಸರಾದವರು. 1967ರಲ್ಲಿ ಹುಟ್ಟಿದ ಮೊಮ್ಮಗ ತೊಮೊಓ ಹಮಾದಾ ಅದೇ ಅಂಗಳದಲ್ಲಿ ಮುಂದುವರಿಸಿದ್ದಾರೆ. ಶೋಜಿ ಅವರ ಶಿಷ್ಯ ತತ್ಸುಜೊ ಶಿಮಾಓಕ (1919–2007) ಹಸಿ ಮಣ್ಣಿನ ಮೇಲೆ ಹಗ್ಗ ಉರುಳಿಸಿ ಅಚ್ಚು ಮೂಡಿಸುತ್ತಿದ್ದರು, ಆ ಗುಳಿಗಳಿಗೆ ಬಿಳಿ ಮಣ್ಣು ತುಂಬುತ್ತಿದ್ದರು. ಇಂಥ ಕೆಲಸದ ಮೇಲೆ ಉಪ್ಪಿನ ಮೆರುಗು ಬಹಳ ಚೆನ್ನಾಗಿ ಕಾಣುತ್ತದೆ. ಅದು ತೆಳುವಾದ್ದರಿಂದ ಕೆಳಗಿನ ಗೆರೆ, ಅಚ್ಚು ಯಾವುದನ್ನೂ ಮುಚ್ಚುವುದಿಲ್ಲ.

ಎಂಥ ಬಟ್ಟಲು ಬೇಕು ಎಂದು ಗೊತ್ತುಮಾಡಿಕೊಳ್ಳಿ

ಅಂಗಡಿಗೆ ಹೋಗುವ ಮೊದಲೇ ಇದನ್ನು ತೀರ್ಮಾನಿಸಿ. ಸಣ್ಣದಕ್ಕೆ ಓಚೋಕೊ ಎನ್ನುತ್ತಾರೆ. ಎರಡು ಮೂರು ಗುಟುಕು ಹಿಡಿಯುತ್ತದೆ. ಅದಕ್ಕಿಂತ ದೊಡ್ಡದು, ಕೈತುಂಬ ಹಿಡಿಯುವಂಥದ್ದು ಗುಯಿನೋಮಿ. ಇವೆರಡರ ನಡುವೆ ಗಟ್ಟಿಯಾದ ಗಡಿ ಇಲ್ಲ. ಕಲೆಗಾರರ ಕೈಯ ಬಟ್ಟಲುಗಳು ಹೆಚ್ಚಾಗಿ ಗುಯಿನೋಮಿ ಹೆಸರಿನಲ್ಲೇ ಸಿಗುತ್ತವೆ. ಚಪ್ಪಟೆಯಾಗಿ, ತಟ್ಟೆಯ ಹಾಗೆ ಅಗಲಕ್ಕಿರುವುದು ಸಕಾಝುಕಿ.

ಬಿಸಿ ಸಕೆಗೆ ಬೇಕಾದರೆ ಗೋಡೆ ತುಸು ದಪ್ಪವಿರುವ, ಬಾಯಿ ಕಿರಿದಾದ ಬಟ್ಟಲು ನೋಡಿ. ನುರುಕಾನ್ ಎಂದರೆ ಸುಮಾರು 40 ಡಿಗ್ರಿ, ಆತ್ಸುಕಾನ್ ಎಂದರೆ ಸುಮಾರು 50 ಡಿಗ್ರಿ. ಬಟ್ಟಲಿಗೆ ಹಿಡಿ ಇಲ್ಲ. 50 ಡಿಗ್ರಿಯ ಸಕೆ ತೆಳು ಗೋಡೆಯ ಬಟ್ಟಲಲ್ಲಿದ್ದರೆ ಬೆರಳಿಗೆ ಚುರುಕು ಮುಟ್ಟುತ್ತದೆ, ಬೇಗ ಆರಿಯೂ ಹೋಗುತ್ತದೆ. ತಣ್ಣನೆಯ, ಹೂವಿನಂಥ ಘಮದ ಸಕೆಯನ್ನೇ ಇಷ್ಟಪಡುವವರು ಬಾಯಿ ಅಗಲಿಸಿದ, ಅಂಚು ತೆಳುವಾದ ಬಟ್ಟಲು ಹುಡುಕಲಿ. ನನ್ನ ಮಟ್ಟಿಗೆ ಉಪ್ಪಿನ ಬಟ್ಟಲು ಬಿಸಿ ಸಕೆಗೇ ಹೆಚ್ಚು ಒಪ್ಪುತ್ತದೆ. ಬೆಚ್ಚಗಾದ ಮೇಲೆ ಆ ಒರಟು ಮೈ ಕೈಗೆ ಹಿತವಾಗಿರುತ್ತದೆ.

ಮದ್ಯ ಬೇಡ ಅನ್ನುವವರು ಬಟ್ಟಲನ್ನು ಬಿಡಬೇಕಾಗಿಲ್ಲ. ದೊಡ್ಡ ಗುಯಿನೋಮಿಯಲ್ಲಿ ಹಸಿರು ಚಹಾ ಕುಡಿಯಬಹುದು, ಕಷಾಯ ಕುಡಿಯಬಹುದು. ಬೈಟು ಕಾಫಿಯ ಅಳತೆಗೆ ಹೊಂದುವ ಗುಯಿನೋಮಿಯೂ ಸಿಗುತ್ತದೆ. ಕಾಫಿ ಸ್ವಲ್ಪ ಆರಿದ ಮೇಲೆ ಸುರಿಯಿರಿ, ಅಷ್ಟೇ.

ಕೈಗೆತ್ತಿಕೊಂಡ ಮೇಲೆ

ಮುಟ್ಟುವ ಮುಂಚೆ ಅಂಗಡಿಯವರನ್ನು ಕೇಳಿ. ಉಂಗುರ, ಬಳೆ, ವಾಚು ತೆಗೆದಿಡಿ. ಬಟ್ಟಲನ್ನು ಮೇಜಿನಿಂದ ಎತ್ತರಕ್ಕೆ ಎತ್ತಬೇಡಿ. ಮೇಜಿನ ಮೇಲೆಯೇ, ತಗ್ಗಿನಲ್ಲಿ, ಎರಡೂ ಕೈಯಲ್ಲಿ ಹಿಡಿದು ನೋಡಿ. ಜಾರಿದರೂ ಒಡೆಯುವಷ್ಟು ಎತ್ತರದಿಂದ ಬೀಳುವುದಿಲ್ಲ. ಜಪಾನಿನಲ್ಲಿ ಹೀಗೆ ಹಿಡಿಯುವವರನ್ನು ಕಂಡರೆ ಅಂಗಡಿಯವರಿಗೆ ಧೈರ್ಯ ಬರುತ್ತದೆ. ಒಳಗಿಟ್ಟ ಇನ್ನೂ ನಾಲ್ಕು ಬಟ್ಟಲು ಹೊರಗೆ ಬಂದರೂ ಬರಬಹುದು.

ಮೊದಲು ಮೈ ನೋಡಿ. ಒಳ್ಳೆಯ ಉಪ್ಪಿನ ಮೆರುಗಿನಲ್ಲಿ ಸಣ್ಣ ಸಣ್ಣ ಗುಳಿಗಳಿರುತ್ತವೆ. ಯುಜು ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಹಾಗಿದೆ ಎಂದು ಜಪಾನೀಯರು ಇದನ್ನು ಯುಜುಹದ ಎನ್ನುತ್ತಾರೆ. ಬೆರಳ ತುದಿಯನ್ನು ಮೆಲ್ಲಗೆ ಆಡಿಸಿದರೆ ಗೊತ್ತಾಗುತ್ತದೆ. ಮರಳು ಕಾಗದದ ಒರಟು ಬೇರೆ, ಇದು ಬೇರೆ. ಇಲ್ಲಿ ಏರುತಗ್ಗು ಇದ್ದರೂ ಮೇಲ್ಮೈ ನುಣುಪು. ಉಪ್ಪು ಕಡಿಮೆಯಾಗಿದ್ದರೆ ಗುಳಿ ಕಾಣುವುದಿಲ್ಲ, ತೆಳು ಎಣ್ಣೆ ಸವರಿದಷ್ಟೇ ಹೊಳಪು. ಕೆಲವರು ಬೇಕೆಂದೇ ಹಾಗೆ ಸುಡುತ್ತಾರೆ. ಅದೂ ಚೆಂದವೇ.

ಬಣ್ಣ ಮಣ್ಣಿನಲ್ಲಿರುವ ಕಬ್ಬಿಣದಿಂದ ಮತ್ತು ಗೂಡಿನ ಗಾಳಿಯಿಂದ ಬರುತ್ತದೆ. ಕಬ್ಬಿಣ ಕಡಿಮೆಯಿರುವ ಮಣ್ಣಿಗೆ ಗಾಳಿ ಬಿಗಿಹಿಡಿದು ಸುಟ್ಟರೆ ಬೂದು ಅಥವಾ ಬಿಳಿಚು. ಗಾಳಿ ಧಾರಾಳವಾಗಿ ಬಿಟ್ಟರೆ, ಕಬ್ಬಿಣ ಜಾಸ್ತಿಯಿದ್ದರೆ ಕೇಸರಿಯಿಂದ ಗಾಢ ಕಂದಿನವರೆಗೆ. ಸುಡುವ ಮೊದಲು ಬಳಿದ ಮಣ್ಣಿನ ತೆಳು ಲೇಪದಿಂದಲೂ ಬಣ್ಣ ಬದಲಾಗುತ್ತದೆ. ನೀಲಿ ಕಂಡರೆ ಅದು ಕೋಬಾಲ್ಟ್.

ಈಗ ತಿರುಗಿಸಿ. ಮೆರುಗು ಎಲ್ಲಿ ದಟ್ಟವಾಗಿದೆ, ಎಲ್ಲಿ ತೆಳುವಾಗುತ್ತಾ ಹೋಗಿದೆ ನೋಡಿ. ಬೆಂಕಿ ಯಾವ ಕಡೆಯಿಂದ ಬಂತು ಎಂದು ನಿಮಗೇ ಕಾಣುತ್ತದೆ. ಒಂದು ಬದಿಯಲ್ಲಿ ಹಸಿರು ಗಾಜಿನ ದಪ್ಪ ಹನಿ ಅಂಟಿಕೊಂಡಿದ್ದರೆ ಅದು ಗೂಡಿನ ಸೂರಿನಿಂದ ಬಿದ್ದದ್ದಿರಬಹುದು. ಬಾಯಿಗೆ ತಾಗದ ಜಾಗದಲ್ಲಿದ್ದರೆ ಅದನ್ನು ದೋಷ ಎಂದುಕೊಳ್ಳಬೇಡಿ. ಶಿಗರಾಕಿ, ಇಗಾ ಎಂಬ ಕುಂಬಾರಿಕೆಯ ಊರುಗಳ ಕಡೆಯ ಬಟ್ಟಲುಗಳಲ್ಲಿ ಸೌದೆಯ ಬೂದಿ ಬಿದ್ದು ಆದ ಮೆರುಗು ಇರುತ್ತದೆ. ಹೊಸಬರು ಇದನ್ನೂ ಉಪ್ಪಿನ ಮೆರುಗನ್ನೂ ಒಂದೇ ಎಂದುಕೊಳ್ಳುತ್ತಾರೆ. ಬೂದಿ ಹಾರಿಬಂದು ಹೆಚ್ಚಾಗಿ ಹೆಗಲಿನ ಮೇಲೆ, ಬೆಂಕಿ ತಾಗಿದ ಬದಿಯ ಮೇಲೆ ಕೂರುತ್ತದೆ. ಜಾಸ್ತಿಯಾದರೆ ಕೆಳಗೆ ಹರಿಯುತ್ತದೆ. ಉಪ್ಪಿನ ಆವಿ ಸಂದಿಗೊಂದಿಗೂ ನುಗ್ಗುತ್ತದೆ. ಅಡಿಯ ಬಾಗಿನಲ್ಲೂ ಅದರ ಗುರುತು ಸಿಗುತ್ತದೆ. ಸೌದೆಯನ್ನೂ ಉಪ್ಪನ್ನೂ ಒಟ್ಟಿಗೆ ಬಳಸಿದ ಬಟ್ಟಲುಗಳಲ್ಲಿ ಎರಡೂ ಇರುತ್ತವೆ.

ಒಳಗೆ ಇಣುಕಿ ನೋಡಿ. ಒತ್ತಾಗಿ ಜೋಡಿಸಿದ ಗೂಡಿನಲ್ಲಿ ಬಟ್ಟಲಿನ ತಳಕ್ಕೆ ಆವಿ ಸರಿಯಾಗಿ ಇಳಿಯುವುದಿಲ್ಲ. ಅದಕ್ಕಾಗಿ ಬಹಳಷ್ಟು ಕುಂಬಾರರು ಒಳಮೈಗೆ ಮೊದಲೇ ಬೇರೆ ಗ್ಲೇಜ್ ಹಾಕಿರುತ್ತಾರೆ. ಇದು ಮೋಸ ಅಲ್ಲ, ಜಾಣತನ. ಒಳಗೆ ಏನೂ ಹಾಕದೆ ಬಿಟ್ಟಿದ್ದರೆ ತಳ ಒಣಗಿದಂತೆ, ಬೆಳ್ಳಗೆ ಮಸುಕಾಗಿ ಕಾಣುತ್ತದೆಯೇ ನೋಡಿ. ಹಾಗಿದ್ದರೆ ಚಹಾ, ಕಾಫಿಯ ಕಲೆ ಹಿಡಿಯುವ ಸಂಭವ ಜಾಸ್ತಿ. ತಿಳಿಯಾದ ಸಕೆಗೆ ತೊಂದರೆಯಿಲ್ಲ. ಸಕೆ ತುಂಬಿದಾಗ ತಳದ ಬಣ್ಣ ಬೇರೆಯಾಗಿ ಕಾಣುತ್ತದೆ. ಅಂಗಡಿಯವರು ಒಪ್ಪಿದರೆ ನೀರು ತುಂಬಿ ನೋಡುವುದು ಒಳ್ಳೆಯದು.

ಆಮೇಲೆ ಅಂಚು. ಇದಕ್ಕೆ ಆತುರ ಮಾಡಬೇಡಿ. ಬಟ್ಟಲಿನಲ್ಲಿ ತುಟಿಗೆ ತಾಗುವುದು ಅದೊಂದೇ ಜಾಗ. ತೋರುಬೆರಳನ್ನು ಅಂಚಿನ ಸುತ್ತ ಪೂರ್ತಿ ಆಡಿಸಿ. ಕೈಯಿಂದ ಮಾಡಿದ ಬಟ್ಟಲಿನ ಅಂಚು ಅಲ್ಲಲ್ಲಿ ಏರಿಳಿದಿರುತ್ತದೆ. ಬೆರಳಿಗೆ ಚುಚ್ಚಬಾರದು, ಅಷ್ಟೇ. ತುಸು ಹೊರಗೆ ಬಾಗಿದ ಅಂಚಿನಿಂದ ಸಕೆ ಸಲೀಸಾಗಿ ಹರಿಯುತ್ತದೆ. ಒಳಗೆ ಬಾಗಿದ ದಪ್ಪ ಅಂಚಾದರೆ ತಲೆ ಹಿಂದಕ್ಕೆ ಬಾಗಿಸಿ ಕುಡಿಯಬೇಕಾಗುತ್ತದೆ. ನೋಡಲು ಎಷ್ಟೇ ಚೆಂದವಿರಲಿ, ಅಂಚು ಮನಸ್ಸಿಗೆ ಬಾರದ ಬಟ್ಟಲನ್ನು ವಾಪಸ್ ಇಟ್ಟುಬಿಡಿ. ಮನೆಗೆ ಹೋದ ಮೇಲೆ ಅದು ಬೀರು ಬಿಟ್ಟು ಹೊರಗೆ ಬರುವುದಿಲ್ಲ.

ಕೊನೆಗೆ ಬೋರಲು ಹಾಕಿ. ಅಡಿಯ ಉಂಗುರಕ್ಕೆ ಕೋದೈ ಎನ್ನುತ್ತಾರೆ. ತಿಳಿದವರು ಮೊದಲು ನೋಡುವುದು ಅದನ್ನೇ. ಕುಂಬಾರರು ತಿಗರಿಯ ಮೇಲೆ ಕೆತ್ತಿದ ಕೈ ಇಲ್ಲಿ ಮುಚ್ಚಿಕೊಳ್ಳದೆ ಕಾಣುತ್ತದೆ. ಮಣ್ಣಿನ ನಿಜವಾದ ಬಣ್ಣ, ಅದರಲ್ಲಿನ ಮರಳು ಇಲ್ಲಿ ಗೊತ್ತಾಗುತ್ತದೆ. ಉಪ್ಪಿನ ಬಟ್ಟಲಿಗೆ ಇನ್ನೊಂದು ವಿಶೇಷವಿದೆ. ಬಟ್ಟಲನ್ನು ಹಾಗೇ ಹಲಗೆಯ ಮೇಲಿಟ್ಟರೆ ಉಪ್ಪಿನ ಗಾಜಿನಿಂದ ಎರಡೂ ಅಂಟಿಕೊಳ್ಳುತ್ತವೆ. ಅದಕ್ಕಾಗಿ ಅಲ್ಯುಮಿನಾ ಬೆರೆಸಿದ ಮಣ್ಣಿನ ಸಣ್ಣ ಉಂಡೆಗಳನ್ನು ಕೆಳಗೆ ಇಡುತ್ತಾರೆ. ಅಲ್ಯುಮಿನಾ ಉಪ್ಪಿನ ಆವಿಗೆ ಸುಲಭವಾಗಿ ಬಗ್ಗುವುದಿಲ್ಲ. ಸುಟ್ಟ ಮೇಲೆ ಉಂಡೆ ತೆಗೆದ ಕಡೆ ಮೂರೋ ನಾಲ್ಕೋ ಒಣ ಚುಕ್ಕೆ ಉಳಿಯುತ್ತವೆ. ಕೆಲವರು ಉಂಡೆಯ ಬದಲು ಮಣ್ಣು ತುಂಬಿದ ಕಡಲ ಚಿಪ್ಪಿನ ಮೇಲೆ ಬಟ್ಟಲು ಕೂರಿಸುತ್ತಾರೆ. ಚಿಪ್ಪು ಸುಟ್ಟು ಸುಣ್ಣವಾಗುತ್ತದೆ. ನೀರು ತಾಗಿದರೆ ಪುಡಿಯಾಗಿ ಹೋಗುತ್ತದೆ. ಅದರ ಗೆರೆಗಳ ಅಚ್ಚು ಮಾತ್ರ ಬಟ್ಟಲಿನಲ್ಲಿ ಉಳಿಯುತ್ತದೆ. ಬಟ್ಟಲನ್ನು ಚಿಪ್ಪಿನ ಮೇಲೆ ಅಡ್ಡ ಮಲಗಿಸಿ ಸುಟ್ಟಿದ್ದರೆ ಈ ಅಚ್ಚು ಹೊಟ್ಟೆಯ ಮೇಲೆಯೇ ಇರುತ್ತದೆ. ನನಗೆ ತುಂಬಾ ಇಷ್ಟವಾದ ಗುರುತು ಇದು. ಇಂಥ ಬಟ್ಟಲು ಕಂಡರೆ ಸುಮ್ನೆ ದಾಟಿ ಹೋಗಬೇಡಿ.

ಬಿರುಕು ಇದೆಯೇ ಎಂದೂ ನೋಡಿ. ಅಡಿಯ ಒಳಗೆ ಎಸ್ ಆಕಾರದ ಗೆರೆ ಕಂಡರೆ ಅದು ಒಣಗುವಾಗ ಬಿಟ್ಟ ಬಿರುಕು. ನೀರು ಸೋರುತ್ತದೆಯೇ ಎಂದು ಕೇಳಿ.

ಎಲ್ಲಿ ಕೊಳ್ಳುವುದು, ಪೆಟ್ಟಿಗೆಯ ವಿಚಾರ

ಹೊಸಬರಿಗೆ ಮಾಶಿಕೊದ ಪಾತ್ರೆ ಸಂತೆ ಒಳ್ಳೆಯ ಜಾಗ. 1966ರಿಂದ ನಡೆದುಬಂದಿದೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆ–ಮೇ ಮೊದಲ ವಾರದ ರಜೆಯಲ್ಲಿ ಒಮ್ಮೆ, ನವೆಂಬರ್ ಶುರುವಿನಲ್ಲಿ ಒಮ್ಮೆ. ಟೋಕಿಯೊದ ಅಕಿಹಬರಾದಿಂದ ನೇರ ಬಸ್ಸಿದೆ. ಅಲ್ಲಿ ಕುಂಬಾರರೇ ಡೇರೆ ಹಾಕಿ ಕೂತಿರುತ್ತಾರೆ. ಉಪ್ಪಿನ ಕೆಲಸ ಮಾಡುವವರು ಯಾರು ಎಂದು ಕೇಳುತ್ತಾ ಹೋದರೆ ತೋರಿಸುತ್ತಾರೆ. ಸಂತೆಯ ಗಲಾಟೆಗೆ ಮುಂಚೆ ಹಮಾದಾ ಅವರ ಮನೆಯಂಗಳದ ಸಾಂಕೊಕಾನ್ ವಸ್ತುಸಂಗ್ರಹಾಲಯ ನೋಡಿಬನ್ನಿ. 2011ರ ಭೂಕಂಪದಲ್ಲಿ ಹಾನಿಯಾಗಿ ಮತ್ತೆ ಎದ್ದುನಿಂತ ಜಾಗ ಅದು. ಟೋಕಿಯೊದ ಕೊಮಾಬಾದಲ್ಲಿ 1936ರಲ್ಲಿ ತೆರೆದ ಜಪಾನ್ ಜಾನಪದ ಕರಕುಶಲ ವಸ್ತುಸಂಗ್ರಹಾಲಯವೂ ಇದೆ. ಕಣ್ಣು ಪಳಗಲು ಇವೆರಡು ಸಾಕು.

ಹೆಸರು ಮಾಡಿದ ಕುಂಬಾರರ ಬಟ್ಟಲಿನ ಜೊತೆ ಹಗುರ ಮರದ ಪೆಟ್ಟಿಗೆ ಬರುತ್ತದೆ. ಅದು ತೊಮೊಬಾಕೊ. ಕಿರಿ ಎಂಬ ಮರದ್ದು. ಮುಚ್ಚಳದ ಮೇಲೆ ಕುಂಬಾರರೇ ಕುಂಚದಿಂದ ಬಟ್ಟಲಿನ ಬಗೆ, ತಮ್ಮ ಹೆಸರು ಬರೆದು ಕೆಂಪು ಮುದ್ರೆ ಒತ್ತಿರುತ್ತಾರೆ. ಬಟ್ಟಲು ಸುತ್ತಿರುವ ಹಳದಿ ಬಟ್ಟೆ ಹಿಂದೆ ಅರಿಶಿನದಲ್ಲೇ ಅದ್ದಿದ್ದಾಗಿರುತ್ತಿತ್ತು, ಹುಳ ಬಾರದಿರಲಿ ಎಂದು. ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದೆ ಮಾರುವ ಯೋಚನೆ ಇದ್ದರೆ ಪೆಟ್ಟಿಗೆ, ಬಟ್ಟೆ, ಒಳಗಿನ ಪರಿಚಯದ ಚೀಟಿ ಎಲ್ಲವನ್ನೂ ಜೋಪಾನ ಮಾಡಿ. ಪೆಟ್ಟಿಗೆ ಇಲ್ಲದಿದ್ದರೆ ಬೆಲೆ ಬಹಳ ಇಳಿಯುತ್ತದೆ. ಶೋಜಿ ಹಮಾದಾ ಮಾಶಿಕೊದಲ್ಲಿ ಮಾಡಿದ ಪಾತ್ರೆಗಳ ಮೇಲೆ ಹೆಸರೇ ಹಾಕುತ್ತಿರಲಿಲ್ಲ, ಪೆಟ್ಟಿಗೆಯ ಮೇಲೆ ಮಾತ್ರ ಬರೆಯುತ್ತಿದ್ದರು. ಹಾಗಾಗಿ ಅವರದ್ದು ಎಂದು ಅಗ್ಗಕ್ಕೆ ಸಿಗುವ ಬಟ್ಟಲನ್ನು ನಂಬುವ ಮುಂಚೆ ಎರಡು ಸಲ ಯೋಚಿಸಿ. ಪೆಟ್ಟಿಗೆ ಒಂದು, ಬಟ್ಟಲು ಇನ್ನೊಂದು ಆಗಿರಬಹುದು. ಮೊದಲ ಬಟ್ಟಲಿಗೆ ದೊಡ್ಡ ಹೆಸರಿನ ಹಿಂದೆ ಬೀಳಬೇಡಿ ಎಂಬುದೇ ನನ್ನ ಸಲಹೆ. ಈಗ ಕೆಲಸ ಮಾಡುತ್ತಿರುವ ಕಿರಿಯ ಕುಂಬಾರರ ಒಳ್ಳೆಯ ಬಟ್ಟಲು ಕೆಲವು ಸಾವಿರ ಯೆನ್‌ಗೆ ಸಿಗುತ್ತದೆ. ಆ ದುಡ್ಡು ನೇರವಾಗಿ ಅವರ ಮುಂದಿನ ಗೂಡಿಗೆ ಹೋಗುತ್ತದೆ.

ಆನ್‌ಲೈನ್‌ನಲ್ಲಾದರೆ ನಾಲ್ಕೂ ಬದಿಯ ಫೋಟೊ ಕೇಳಿ. ಒಳಗಿನದ್ದು, ಅಡಿಯದ್ದು ಬೇರೆ ಬೇರೆ ಬೇಕು. ಎತ್ತರ, ಬಾಯಿಯ ಅಗಲ, ತೂಕ, ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಎಂದು ಬರೆಸಿಕೊಳ್ಳಿ. ಫೋಟೊದಲ್ಲಿ ಎಲ್ಲ ಬಟ್ಟಲೂ ದೊಡ್ಡದಾಗಿಯೇ ಕಾಣುತ್ತವೆ. ಉಪ್ಪು ಬಳಸಿದ್ದೋ ಸೋಡಾ (ಅಡುಗೆ ಸೋಡಾ ಅಥವಾ ವಾಷಿಂಗ್ ಸೋಡಾ) ಬಳಸಿದ್ದೋ ಎಂದೂ ಕೇಳಿ. ಆಮ್ಲದ ಗಾಳಿ ಬೇಡವೆಂದು 1970ರ ದಶಕದಿಂದ ಅಮೆರಿಕದಲ್ಲಿ ಉಪ್ಪಿನ ಬದಲು ಸೋಡಾ ಬಳಸುವ ಪದ್ಧತಿ ಬೆಳೆಯಿತು. ಸೋಡಾ ಉಪ್ಪಿನಷ್ಟು ಸುಲಭವಾಗಿ ಹರಡುವುದಿಲ್ಲ. ಒಂದು ಬದಿ ಮೆರುಗು, ಇನ್ನೊಂದು ಬದಿ ಒಣ ಎಂಬ ಭೇದ ಅದರಲ್ಲಿ ಇನ್ನೂ ಎದ್ದು ಕಾಣುತ್ತದೆ. ಎರಡೂ ಒಳ್ಳೆಯವೇ. ಯಾವುದು ಎಂದು ತಿಳಿದು ಕೊಳ್ಳಿ. ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ ಸೇರಿದರೆ ಒಟ್ಟು ಎಷ್ಟಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ. ಜಪಾನಿನಿಂದ ನೀವೇ ತರುವುದಾದರೆ ಕೈಚೀಲದಲ್ಲೇ ತನ್ನಿ.

ಮನೆಗೆ ಬಂದ ಮೇಲೆ

ಅಡಿಯನ್ನು ಬೆರಳಿನಿಂದ ಸವರಿ. ಒರಟಾಗಿದ್ದರೆ ನುಣುಪಾದ ಸಾಣೆಕಲ್ಲಿನಿಂದ ನೀರು ಹಾಕಿ ಮೆಲ್ಲಗೆ ಉಜ್ಜಿ, ಇಲ್ಲದಿದ್ದರೆ ಮೇಜಿಗೆ ಗೀರು ಬೀಳುತ್ತದೆ. ಚುಕ್ಕೆ, ಅಚ್ಚುಗಳನ್ನು ಉಜ್ಜಬೇಡಿ. ಮೆತ್ತನೆಯ ಮಣ್ಣಿನ ಪಾತ್ರೆಗಳನ್ನು ಮೊದಲು ಅಕ್ಕಿ ತೊಳೆದ ನೀರಿನಲ್ಲಿ ಕುದಿಸುವ ರೂಢಿ ಜಪಾನಿನಲ್ಲಿದೆ. ಗಟ್ಟಿಯಾಗಿ ಸುಟ್ಟ ಉಪ್ಪಿನ ಸ್ಟೋನ್‌ವೇರ್‌ಗೆ ಅದು ಬೇಕಿಲ್ಲ. ಬಳಸುವ ಮುಂಚೆ ನೀರಿನಲ್ಲಿ ಒಮ್ಮೆ ಅದ್ದಿ ಒರೆಸಿದರೆ ಸಾಕು. ಫ್ರಿಜ್‌ನಿಂದ ತೆಗೆದ ಬಟ್ಟಲಿಗೆ ಕುದಿಯುವುದನ್ನು ಸುರಿಯಬೇಡಿ.

ಸಕೆ ಕುಡಿಯುವಾಗ ಜಪಾನಿನಲ್ಲಿ ಒಬ್ಬರಿಗೊಬ್ಬರು ಸುರಿದುಕೊಡುತ್ತಾರೆ. ತಮಗೆ ತಾವೇ ಬಗ್ಗಿಸಿಕೊಳ್ಳುವುದು ಕಡಿಮೆ. ಯಾರಾದರೂ ಸುರಿಯಲು ಬಂದರೆ ಬಟ್ಟಲನ್ನು ಮೇಜಿನಿಂದ ಎತ್ತಿ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯನ್ನು ಅಡಿಗೆ ಕೊಡಿ. ಚಿಪ್ಪಿನ ಅಚ್ಚು ಇದ್ದರೆ ಅದು ಆಗ ಬೆರಳಿಗೆ ಸಿಗುತ್ತದೆ.

ಮೆತ್ತನೆಯ ಸ್ಪಂಜಿನಿಂದ ಕೈಯಲ್ಲೇ ತೊಳೆಯಿರಿ. ಸ್ಟೀಲ್ ನಾರು ಬೇಡ, ಡಿಶ್‌ವಾಶರ್ ಬೇಡ. ಅದರಲ್ಲಿ ಒಂದಕ್ಕೊಂದು ಬಡಿದು ಅಂಚು ಹಾರುತ್ತದೆ. ತೊಳೆದ ತಕ್ಷಣ ಪೆಟ್ಟಿಗೆಗೆ ಹಾಕಬೇಡಿ. ಅಡಿಯ ಮೆರುಗಿಲ್ಲದ ಭಾಗದಲ್ಲಿ ತೇವ ಉಳಿದಿರುತ್ತದೆ. ಮಂಗಳೂರು, ಕಾರವಾರ, ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಿದ ಮರದ ಪೆಟ್ಟಿಗೆಗೆ ಬೂಸ್ಟು ಬರಲು ಹೆಚ್ಚು ದಿನ ಬೇಡ. ಬೋರಲು ಹಾಕಿ ಪೂರ್ತಿ ಒಣಗಿಸಿ. ಮಳೆ ನಿಲ್ಲುವವರೆಗೆ ಬಟ್ಟಲನ್ನು ತೆರೆದ ಶೆಲ್ಫಿನಲ್ಲೇ ಇಡುವುದು ಇನ್ನೂ ಒಳ್ಳೆಯದು.

ಅಂಚಿನ ಚೂರು ಹಾರಿದರೆ ಎಸೆಯಬೇಡಿ, ಚೂರನ್ನೂ ಎತ್ತಿಡಿ. ಅರಗಿನಂಥ ಉರುಶಿ ಮರದ ಹಾಲಿನಿಂದ ಅಂಟಿಸಿ, ಮೇಲೆ ಚಿನ್ನದ ಪುಡಿ ಹಾಕುವ ಕಿಂತ್ಸುಗಿ ರಿಪೇರಿ ಮಾಡಿಸಬಹುದು. ಉರುಶಿ ಪದರ ಪದರವಾಗಿ ಗಟ್ಟಿಯಾಗಬೇಕು, ಹಾಗಾಗಿ ವಾರಗಟ್ಟಲೆ ಹಿಡಿಯುತ್ತದೆ. ಹಸಿ ಉರುಶಿ ಚರ್ಮಕ್ಕೆ ತಾಗಿದರೆ ತುರಿಕೆ, ಗುಳ್ಳೆ ಏಳುತ್ತವೆ. ಮನೆಯಲ್ಲಿ ಮಾಡಲು ಹೋಗುವವರು ಕೈಗವಸು ಹಾಕಿಕೊಳ್ಳಲೇಬೇಕು. ಅಂಗಡಿಯಲ್ಲಿ ಸಿಗುವ ದಿಢೀರ್ ಕಿಟ್‌ಗಳಲ್ಲಿ ಇರುವುದು ಹೆಚ್ಚಾಗಿ ಎಪಾಕ್ಸಿ ಅಂಟು. ಕುಡಿಯುವ ಬಟ್ಟಲಿಗೆ ಆಗುತ್ತದೆ ಎಂದು ಅದರ ಮೇಲೆ ಬರೆದಿಲ್ಲದಿದ್ದರೆ ಬಳಸಬೇಡಿ. ಲೋಹದ ಪುಡಿ ಇರುವ ಕಾರಣ ರಿಪೇರಿಯಾದ ಬಟ್ಟಲನ್ನು ಮೈಕ್ರೋವೇವ್‌ಗೆ ಇಡಬಾರದು.